ಚತುರ್ದಶಿಯ ಮರುದಿನ

ನಿಪ್ಪಾಣಿ
24 ಏಪ್ರಿಲ್ 2011

ದಾದಾ,

ಕ್ಷೇಮ ಕೇಳಿ ಪತ್ರ ಶುರು ಮಾಡುವ ರೂಢಿಯನ್ನು ಇವತ್ತು ಬಿಡುತ್ತೇನೆ. ನಿನ್ನ ಮನೆಯ ಕ್ಷೇಮವನ್ನು ಮೊನ್ನೆ ನಾನೇ ನೋಡಿ ಬಂದಿದ್ದೇನೆ.

ಫೋನು ಮಾಡಿದರೆ ನೀನು "ಹೊಲದಾಗ ಅದೀನಿ, ಆಮ್ಯಾಲೆ ಮಾತಾಡ್ತೀನಿ" ಎಂದು ಇಟ್ಟುಬಿಡುತ್ತೀ. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ. ಮೊನ್ನೆ ನೀನು ಮನೆಗೆ ಬಂದು ಕೈಕಾಲು ತೊಳೆದು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಎದ್ದು ಹೋದೆ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ನಿನ್ನ ತಟ್ಟೆಯನ್ನಷ್ಟೇ ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ತಂಬಾಕಿನ ವಖಾರಿಯ ಮೇಲಿನ ನನ್ನ ಕೋಣೆಯಲ್ಲಿ ನನಗೆ ಯಾರ ಅಂಜಿಕೆಯೂ ಇಲ್ಲ.

ಬ್ರಾಹ್ಮಿ ಕಾಲ ಮೇಲೆ ಬಿಸಿನೀರು ಚೆಲ್ಲಿಕೊಂಡಿದ್ದಾಳೆ ಎಂದು ನೀನು ನನಗೆ ಹೇಳಿದ್ದೆ. ಬಿಸಿನೀರು ಎರಡೂ ಅಂಗಾಲನ್ನು ಹಾಗೆ ಸುಡುವುದಿಲ್ಲ, ದಾದಾ. ಹತ್ತು ವರ್ಷದ ಹುಡುಗಿ ಮಿರಜಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿ ಬಂದಿದ್ದಾಳೆ. ಎಡಗೈಯ ಬೆರಳು ಮಡಚಲು ಬರುತ್ತಿಲ್ಲ. ಅವಳ ಅಪ್ಪನ ಒಬ್ಬಳೇ ತಂಗಿ ನಾನು. ನನಗೆ ಶಾಲೆಯ ರಜೆ ಬಿದ್ದು ಊರಿಗೆ ಬರುವವರೆಗೆ ನಿಜ ತಿಳಿಸಲಿಲ್ಲ.

ನಡೆದದ್ದನ್ನು ನಿನ್ನ ಹೊಲದ ಆಳು ದುರಗಪ್ಪನೇ ಹೇಳಿದ. "ನಿಮ್ಮ ಅಣ್ಣಾರ ಆ ತುದಿಯಿಂದ ಕಬ್ಬಿನ ರವದಿಗೆ ಬೆಂಕಿ ಹಚ್ಚಿದ್ರಿ. ಹೊಗಿ ನೋಡಿ ಹುಡುಗಿ ಬಾವಿ ಕಡಿಂದ ಬರಿಗಾಲಾಗ ಓಡಿ ಬಂತ್ರೀ ಅಕ್ಕಾರ. ಬ್ಯಾಡವ್ವಾ ಅಂತ ಒದರಿದ್ನಿ, ಕೇಳಲಿಲ್ಲ. ನಡು ಒಡ್ಡಿನ ಹತ್ರ ಹೋಗಿ ಕುಂತಬಿಡ್ತು. ನಾ ಹೋಗಿ ಎತ್ತೂದ್ರಾಗ ಸುತ್ತೂ ಕಡೆ ಹತ್ತಿತ್ತು. ಲಂಗದ ಮಡಿಲಾಗ ಮೊಟ್ಟಿ ಇದ್ದೂವ್ರಿ." ಗೌಜುಗ ಹಕ್ಕಿಯ ಮೊಟ್ಟೆ. ಆರರಲ್ಲಿ ನಾಲ್ಕು ಒಡೆದಿದ್ದವಂತೆ.

ಇದಿಷ್ಟೇ ಆಗಿದ್ದರೆ ಅಚಾತುರ್ಯ ಎನ್ನಬಹುದಿತ್ತು. ಆಮೇಲೆ ಅವ್ವ ಅಳುತ್ತ ಇನ್ನೊಂದು ಮಾತು ಹೇಳಿದಳು.

"ಶನಿವಾರನ ಹಚ್ಚಾಕ ಹೊಂಟಿದ್ದ. ನಾನ ತಡದೆ. ಇವತ್ತ ಚತುರ್ದಶಿ ಅಲ್ಲೇನೋ ಶ್ರೇಣಿಕಾ, ಜೀವ ಸಾಯ್ತಾವ, ನಾಳೆ ಹಚ್ಚು ಅಂದೆ. ಹೌದ್ ನೋಡವ್ವಾ ಅಂದ. ಕಡ್ಡಿಪೆಟ್ಟಿಗಿ ದೇವರ ಮಾಡದಾಗ ಇಟ್ಟ. ಸಂಜೀಕ ಎಲ್ಲಾರೂ ಕುಂತ ಮ್ಯಾಚ್ ನೋಡಿದ್ರು."

ಚತುರ್ದಶಿಯ ದಿನ ನಮ್ಮ ಮನೆಯಲ್ಲಿ ಹಸಿರು ಕಾಯಿಪಲ್ಲೆ ಹೆಚ್ಚುವುದಿಲ್ಲ. ಹಾಗೆಯೇ ನೀನು ಬೆಂಕಿಯನ್ನೂ ಹಚ್ಚಲಿಲ್ಲ. ಅಂದರೆ ಆ ರವದಿಯಲ್ಲಿ ಜೀವಗಳಿವೆ ಎಂದು ನಿನಗೆ ಗೊತ್ತಿತ್ತು. ಶನಿವಾರ ಅವು ಸತ್ತರೆ ನಿನಗೆ ಪಾಪ ಬರುತ್ತಿತ್ತು, ರವಿವಾರ ಸತ್ತರೆ ಬರುವುದಿಲ್ಲ. ರವಿವಾರ ಶಾಲೆಗೆ ರಜೆ ಇರುತ್ತದೆ ಎಂಬುದು ಮಾತ್ರ ನಿನ್ನ ಪಂಚಾಂಗದಲ್ಲಿ ಇರಲಿಲ್ಲ.

ಕುಸುಮ

*

ದಿಗ್ಗೇವಾಡಿ
22 ಮೇ 2011

ಕುಸುಮಾ,

ಪತ್ರ ಮುಟ್ಟಿತು. ಉತ್ತರ ಬರೆಯಬಾರದು ಎಂದಿದ್ದೆ. ನಿನ್ನ ವೈನಿ ಬರೆಯಿರಿ ಎಂದಳು.

ಬ್ರಾಹ್ಮಿಯ ಬಲಗಾಲು ಮಾದಿದೆ. ಎಡಗಾಲಿಗೆ ಇನ್ನೂ ಮುಲಾಮು ಹಚ್ಚುತ್ತೇವೆ. ಗೋಡೆ ಹಿಡಿದು ಪಡಸಾಲೆಯವರೆಗೆ ಬರುತ್ತಾಳೆ. ಕೈಗೆ ರಬ್ಬರಿನ ಚೆಂಡು ಕೊಟ್ಟು ಹಿಚುಕಲು ಹೇಳಿದ್ದಾರೆ, ಹಿಚುಕುವುದಿಲ್ಲ.

ರವದಿ ಸುಡುವವನು ನಾನೊಬ್ಬನೇ ಏನು? ರಾಯಬಾಗದಿಂದ ಕಾಗವಾಡದವರೆಗೆ ಬಸ್ಸಿನಲ್ಲಿ ಹೋಗು, ಮಾರ್ಚಿನಲ್ಲಿ ಎಷ್ಟು ಕಡೆ ಹೊಗೆ ಕಾಣುತ್ತದೆ ಎಣಿಸು. ಕಬ್ಬು ಕಡಿದ ಮೇಲೆ ಮೊಳಕಾಲೆತ್ತರ ಒಣಗರಿ ಬಿದ್ದಿರುತ್ತದೆ. ಅದರಲ್ಲಿ ನೀರು ಹರಿಯುವುದಿಲ್ಲ, ಆಳು ಕಾಲಿಡುವುದಿಲ್ಲ. ಈ ಸಲ ಮೋಟಾರು ಕೆಟ್ಟು ಒಂದು ತಿಂಗಳು ಹಾಗೇ ಬಿಟ್ಟಿದ್ದೆ. ಬಿಟ್ಟದ್ದಕ್ಕೇ ಹಕ್ಕಿ ಬಂದು ಗೂಡು ಮಾಡಿತು. ಬೇಗ ಸುಟ್ಟಿದ್ದರೆ ಯಾವ ಗೂಡೂ ಇರುತ್ತಿರಲಿಲ್ಲ, ಯಾವ ಕಾಲೂ ಸುಡುತ್ತಿರಲಿಲ್ಲ.

ನೀನು ಧಾರವಾಡದಲ್ಲಿ ಎಂ.ಎ. ಮಾಡಿದ್ದು ಇದೇ ಹೊಲದ ಕಬ್ಬಿನಿಂದ. ಆವಾಗಲೂ ರವದಿ ಸುಡುತ್ತಿದ್ದೆ. ನೀನು ಹಾಸ್ಟೆಲ್ಲಿನಿಂದ ಒಂದು ದಿನವೂ ಇಂಥ ಪತ್ರ ಬರೆಯಲಿಲ್ಲ. ಈಗಲಾದರೂ ಸಕ್ಕರೆ ಹಾಕದ ಚಹಾ ಕುಡಿಯುತ್ತೀಯೇನು?

ಒಂದು ಮಾತು ಕೇಳುತ್ತೇನೆ. ನೀನು ಕಲಿತವಳು, ಮಕ್ಕಳಿಗೆ ಕಲಿಸುವವಳು. ಅಲ್ಲಿ ಗೂಡಿದೆ ಎಂದು ಬ್ರಾಹ್ಮಿ ನನಗೆ ಯಾಕೆ ಹೇಳಲಿಲ್ಲ? ಬಚ್ಚಲಿನಲ್ಲಿ ಕಪ್ಪೆ ಕಂಡರೂ ನನಗೆ ಬಂದು ಹೇಳುವ ಹುಡುಗಿ. ಹದಿನೈದು ದಿನ ಗೂಡು ನೋಡಿ ಬರುತ್ತಿದ್ದಳಂತೆ. ನನ್ನ ಜೊತೆಗೇ ಊಟಕ್ಕೆ ಕೂರುತ್ತಿದ್ದಳು. ಒಂದು ಮಾತು ಹೇಳಲಿಲ್ಲ. ಯಾಕೆ?

ಸದ್ಯ ನೀನು ಊರಿಗೆ ಬರುವುದು ಬೇಡ. ನಿನ್ನನ್ನು ನೋಡಿದ ಮೇಲೆ ಹುಡುಗಿ ಎರಡು ದಿನ ಉಣ್ಣಲಿಲ್ಲ.

ಶ್ರೇಣಿಕ

*

ನಿಪ್ಪಾಣಿ
10 ಜುಲೈ 2011

ದಾದಾ,

ಬರಬೇಡ ಎಂದೆ, ಬಂದಿಲ್ಲ. ಆದರೆ ಸುದ್ದಿಯನ್ನು ನೀನು ತಡೆಯಲಾರೆ.

ಸರಿತಾ ವೈನಿ ಫೋನು ಮಾಡಿದ್ದರು. ಬ್ರಾಹ್ಮಿ ನೀರು ಸೋಸುವುದನ್ನು ಬಿಟ್ಟಿದ್ದಾಳಂತೆ.

ಅವಳು ಆರು ವರ್ಷದವಳಿದ್ದಾಗಿನಿಂದ ಅದು ಅವಳ ಕೆಲಸ. ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಆ ಬಟ್ಟೆಯನ್ನು ಹಿಂಡಬಾರದು, ಝಾಡಿಸಬಾರದು. ಮಗುಚಿ ಹಿಡಿದು, ಸೋಸಿದ ನೀರನ್ನೇ ಮೇಲಿಂದ ಹಾಕಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಂಬಿಗೆಗೆ ಇಳಿಸಿ, ಆ ತಂಬಿಗೆಯನ್ನು ಹಗ್ಗದಿಂದ ಬಾವಿಯೊಳಕ್ಕೆ ಬಿಡಬೇಕು. ಮೇಲಿಂದ ಸುರಿದರೆ ಅವುಗಳಿಗೆ ಪೆಟ್ಟಾಗುತ್ತದೆ ಎಂದು ತಂಬಿಗೆ ನೀರಿಗೆ ಮುಟ್ಟುವವರೆಗೂ ಉಸಿರು ಹಿಡಿದು ನಿಲ್ಲುತ್ತಿದ್ದಳು. ಕಣ್ಣಿಗೆ ಕಾಣದ ಜೀವಕ್ಕೆ ಅಷ್ಟು ಜೋಪಾನ! ನಾನು ಕ್ಲಾಸಿನಲ್ಲಿ ಪರಿಸರದ ಪಾಠ ಮಾಡುವಾಗ ಅವಳದೇ ಉದಾಹರಣೆ ಕೊಡುತ್ತಿದ್ದೆ.

ಈಗ ಕೊಡಕ್ಕೆ ನೇರವಾಗಿ ಲೋಟ ಅದ್ದಿ ಕುಡಿಯುತ್ತಾಳಂತೆ. ಅವ್ವ ಬೈದದ್ದಕ್ಕೆ ಹೀಗೆ ಅಂದಳಂತೆ: "ಸೋಸಿ ಏನ್ ಮಾಡೂದೈತಿ ಆಯಿ? ಆಮ್ಯಾಲೆ ಸುಡೂದ ಐತೆಲ್ಲ."

ಅಂಗಳದ ಇರುವೆ ಸಾಲಿನ ಮೇಲೆ ಬೇಕೆಂದೇ ಆ ಸುಟ್ಟ ಕಾಲನ್ನು ಇಟ್ಟು ನಡೆದಳಂತೆ. ಕಾಲಿನ ಗಾಯ ಮಾಯುತ್ತದೆ. ಇದನ್ನು ಯಾವ ಮಿರಜಿಗೆ ಒಯ್ಯುತ್ತೀ?

ನೀನು ಮಾಡಬೇಕಾದದ್ದು ಒಂದೇ. ಅವಳ ಎದುರು ಕುಳಿತು ನಿನ್ನ ಬಾಯಿಂದಲೇ ಹೇಳು: ಜೀವ ಸಾಯುತ್ತವೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹಚ್ಚಿದೆ, ತಪ್ಪಾಯಿತು. ಬರುವ ವರ್ಷ ರವದಿಗೆ ಕಡ್ಡಿ ಗೀರುವುದಿಲ್ಲ ಎಂದೂ ಹೇಳು. ಸಾಲು ಬಿಟ್ಟು ಸಾಲಿಗೆ ರವದಿ ಒಟ್ಟಿ ಕೊಳೆಯಲು ಬಿಡುವವರು ಚಿಕ್ಕೋಡಿ ಕಡೆ ಇದ್ದಾರೆ. ಬೇಕಾದರೆ ಹೋಗಿ ನೋಡು. ಅಷ್ಟು ಮಾಡದಿದ್ದರೆ ಆ ಹುಡುಗಿ ಇನ್ನು ಯಾವ ಜೀವದ ಮೇಲೂ ಜೀವ ಇಡುವುದಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಿದ್ದೀ. ಹೇಳಬಹುದಾದ ಅಪ್ಪನಾಗಿದ್ದರೆ ಹೇಳುತ್ತಿದ್ದಳು.

ಕುಸುಮ

*

ದಿಗ್ಗೇವಾಡಿ
13 ಸೆಪ್ಟೆಂಬರ್ 2011

ಜೈ ಜಿನೇಂದ್ರ

ಕ್ಷಮಾವಾಣಿಯ ಈ ಪವಿತ್ರ ದಿನದಂದು, ಕಳೆದ ವರ್ಷದಲ್ಲಿ ನಮ್ಮ ಮನಸ್ಸು, ಮಾತು, ನಡತೆಗಳಿಂದ ತಿಳಿದೋ ತಿಳಿಯದೆಯೋ ತಮಗೆ ನೋವಾಗಿದ್ದರೆ ಅಂತಃಕರಣಪೂರ್ವಕ ಕ್ಷಮೆ ಬೇಡುತ್ತೇವೆ.

ಶ್ರೇಣಿಕ ಆಬಾಸಾಹೇಬ ಪಾಟೀಲ ಮತ್ತು ಪರಿವಾರ

ಬ್ರಾಹ್ಮಿ ನಡೆಯುತ್ತಾಳೆ.

*

ನಿಪ್ಪಾಣಿ
17 ಸೆಪ್ಟೆಂಬರ್ 2011

ದಾದಾ,

ನಿನ್ನ ಕಾರ್ಡು ಬಂತು. ಬಂಗಾರದ ಬಣ್ಣದ ಅಂಚು ಚೆನ್ನಾಗಿದೆ. ಎಷ್ಟು ನೂರು ಅಚ್ಚು ಹಾಕಿಸಿದೆ? ಸೊಸೈಟಿಯವರಿಗೆ, ಗೊಬ್ಬರದ ಅಂಗಡಿಯವರಿಗೆ, ಬೀಗರಿಗೆ ಕಳಿಸಿದ್ದನ್ನೇ ನನಗೂ ಕಳಿಸಿದ್ದೀ. ಕೆಳಗೆ ಪೆನ್ನಿನಿಂದ ಎರಡು ಶಬ್ದ ಬರೆದದ್ದಕ್ಕೆ ನಾನು ಋಣಿಯಾಗಿರಬೇಕೇನೋ.

"ತಿಳಿದೋ ತಿಳಿಯದೆಯೋ" ಎಂದಿದೆಯಲ್ಲ, ಯಾವುದು ಅದು? ತಿಳಿದೋ, ತಿಳಿಯದೆಯೋ? ಎರಡರಲ್ಲಿ ಒಂದನ್ನು ಹೊಡೆದು ಹಾಕಿ ಕಳಿಸಬೇಕಿತ್ತು.

ಇನ್ನು "ಮತ್ತು ಪರಿವಾರ". ಪರಿವಾರದಲ್ಲಿ ಬ್ರಾಹ್ಮಿಯೂ ಬಂದಳಲ್ಲವೇ? ಅವಳ ಕೈಯಿಂದಲೂ ನೀನು ಊರಿಗೆಲ್ಲ ಕ್ಷಮೆ ಕೇಳಿಸಿದ್ದೀ. ಅವಳು ಯಾರಿಗೆ ಏನು ಮಾಡಿದ್ದಳು? ಅವಳಿಗೆ ಯಾರು ಕಾರ್ಡು ಕಳಿಸಿದರು? ಒಂದೇ ಸೂರಿನಡಿ ಇರುವವಳಿಗೆ ಅಂಚೆಯ ಖರ್ಚೂ ಇರಲಿಲ್ಲ.

ನನಗೆ ಅಚ್ಚಿನ ಮಾತು ಬೇಡ. ಕೈಯಿಂದ ಬರೆದದ್ದು ಇದ್ದರೆ ಕಳಿಸು. ಇಲ್ಲದಿದ್ದರೆ ಇಬ್ಬರೂ ಸುಮ್ಮನಿರೋಣ.

ಕುಸುಮ

*

ದಿಗ್ಗೇವಾಡಿ
2 ಅಕ್ಟೋಬರ್ 2011

ಕುಸುಮಾ,

ಕೈಯಿಂದ ಬರೆದದ್ದು ಬೇಕೆಂದೆ. ತಗೋ. ಕೈ ನಿನ್ನದು.

"ನಿಪ್ಪಾಣಿ, 23 ಮಾರ್ಚ್ 2011. ಮುದ್ದು ಬ್ರಾಹ್ಮಿ, ನೀನು ಬರೆದ ಗುರುತು ನೋಡಿದರೆ ಅದು ಗೌಜುಗದ ಗೂಡೇ. ಇಪ್ಪತ್ತು ದಿನದೊಳಗೆ ಮರಿ ಹೊರಗೆ ಬರುತ್ತವೆ. ಮುಟ್ಟಬೇಡ, ದೂರ ನಿಂತು ನೋಡು. ದಿನಾ ಏನು ಕಂಡಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಒಂದು ಮಾತು ಕೊಡು. ಗೂಡಿನ ಜಾಗ ಯಾರಿಗೂ ಹೇಳಬೇಡ. ಪಪ್ಪಾಗಂತೂ ಹೇಳಲೇಬೇಡ, ಅವರಿಗೆ ಇದೆಲ್ಲ ತಿಳಿಯುವುದಿಲ್ಲ. ಇದು ನಮ್ಮಿಬ್ಬರ ಗುಟ್ಟು. ಆ ಹಕ್ಕಿಗೆ ಈಗ ನೀನೇ ಕಾವಲು. ನಿನ್ನ ಆತ್ಯಾ."

ಕಾಗದ ಇನ್ನೂ ಇದೆ. ಬೇಕಾದರೆ ಕಳಿಸುತ್ತೇನೆ, ಅಕ್ಷರ ತಾಳೆ ನೋಡಿಕೋ.

ಇದು ನನಗೆ ಸಿಕ್ಕಿದ್ದು ಏಪ್ರಿಲ್ ನಾಲ್ಕಕ್ಕೆ, ಯುಗಾದಿಯ ದಿನ. ಆಸ್ಪತ್ರೆಗೆ ಹುಡುಗಿಯ ಬಟ್ಟೆ ಒಯ್ಯಲು ಮನೆಗೆ ಬಂದಿದ್ದೆ. ಪಾಟಿಚೀಲದಲ್ಲಿ ಇತ್ತು. ಮಿರಜಿಗೆ ಹೋಗುವ ಬಸ್ಸಿನಲ್ಲಿ ನಾಲ್ಕು ಸಲ ಓದಿದೆ. ಆಸ್ಪತ್ರೆಯಲ್ಲಿ ಅವಳ ತಲೆದಿಂಬಿನ ಹತ್ತಿರ ಕುಳಿತು ಕೇಳಿದೆ: "ಗೂಡ ಐತಿ ಅಂತ ನನಗ್ಯಾಕ ಹೇಳಲಿಲ್ಲವ್ವಾ?" ಅವಳು "ಮರ್ತ ಹೋತ್ರೀ ಪಪ್ಪಾ" ಎಂದಳು. ಅವಳು ನನಗೆ ಹೇಳಿದ ಮೊದಲ ಸುಳ್ಳು ಅದು. ಕೈಗೆ ಬ್ಯಾಂಡೇಜು ಸುತ್ತುತ್ತಿದ್ದರು, ಹಲ್ಲು ಕಚ್ಚಿಕೊಂಡು ನಿನ್ನನ್ನು ಉಳಿಸಿದಳು.

ಆರು ತಿಂಗಳು ನಾನು ಬಾಯಿ ಬಿಡಲಿಲ್ಲ. ನೀನೇ ಹೇಳುತ್ತೀ ಎಂದು ಕಾದೆ. ಮೇ ತಿಂಗಳಲ್ಲಿ ನೇರವಾಗಿ ಕೇಳಿದೆ. "ಹೇಳಬಹುದಾದ ಅಪ್ಪನಾಗಿದ್ದರೆ ಹೇಳುತ್ತಿದ್ದಳು" ಎಂದು ನೀನು ಬರೆದೆ. ಬರೆಯುವಾಗ ನಿನ್ನದೇ ಈ ಪತ್ರ ನೆನಪಾಗಲಿಲ್ಲವೇ?

ಬೆಂಕಿ ಹಚ್ಚಿದವನು ನಾನು, ಇಲ್ಲ ಎನ್ನುವುದಿಲ್ಲ. ಗೂಡಿದೆ ಎಂದು ಗೊತ್ತಾಗಿದ್ದರೂ ಹಚ್ಚುತ್ತಿದ್ದೆನೇನೋ. ನಡು ಒಡ್ಡಿನ ಹತ್ತಿರ ಎರಡು ಗಜ ಬಿಟ್ಟು ಹಚ್ಚುತ್ತಿದ್ದೆ. ಆದರೆ ನನ್ನ ಮಗಳ ಕೈ ನನ್ನ ಕೈಯಲ್ಲಿ ಇರುತ್ತಿತ್ತು. ನೀನು ಹತ್ತು ವರ್ಷದವಳನ್ನು ಒಂದು ಹಕ್ಕಿಗೆ ಕಾವಲು ಹಾಕಿ, ಅವಳ ಬಾಯಿ ಕಟ್ಟಿ, ಅರವತ್ತು ಕಿಲೋಮೀಟರು ದೂರ ಕುಳಿತೆ. ಕಾವಲು ಹಾಕಿದ್ದಕ್ಕೇ ಅವಳು ಓಡಿದಳು.

ಇನ್ನು ಸುಮ್ಮನಿರೋಣ ಎಂದಿದ್ದೀಯಲ್ಲ, ಇರು.

ಶ್ರೇಣಿಕ

*

ನಿಪ್ಪಾಣಿ
29 ಜನವರಿ 2012

ದಾದಾ,

ನಾಲ್ಕು ತಿಂಗಳಲ್ಲಿ ಏಳು ಪತ್ರ ಬರೆದು ಹರಿದೆ. ಪ್ರತಿಯೊಂದರಲ್ಲೂ ಎರಡನೆಯ ಸಾಲಿಗೆ ನಿನ್ನ ತಪ್ಪು ಬಂದುಬಿಡುತ್ತಿತ್ತು. ಇದರಲ್ಲಿ ನನ್ನದನ್ನಷ್ಟೇ ಬರೆಯುತ್ತೇನೆ.

ಆ ಪತ್ರ ನನ್ನದೇ. ದುರಗಪ್ಪ "ಕುಂತಬಿಡ್ತು" ಎಂದಾಗಲೇ ನನಗೆ ಅರ್ಥವಾಗಿತ್ತು. ನಿನ್ನ ಉತ್ತರ ಬರುವವರೆಗೆ ಅದನ್ನು ನೀನು ನೋಡಿಲ್ಲ ಎಂಬ ಧೈರ್ಯದಲ್ಲೇ ನಿನ್ನನ್ನು ಬೈದೆ. ಬ್ರಾಹ್ಮಿ ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಪ್ಪನ ಮೇಲಿನ ಸಿಟ್ಟು ಎಂದುಕೊಂಡು ಬಸ್ಸು ಹತ್ತಿದೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಯಾಕೆ ಗುಟ್ಟು ಮಾಡಿಸಿದೆ ಎಂದು ಹೇಳುತ್ತೇನೆ. ಇದು ನೆಪ ಅಲ್ಲ. ನಾನು ಒಂಬತ್ತರವಳಿದ್ದಾಗ ಬಾವಿಯ ಮೇಲೆ ಜೋತ ಗೀಜುಗದ ಗೂಡನ್ನು ನಿನಗೆ ತೋರಿಸಿದ್ದೆ. ಮನೆಯಲ್ಲಿ ಬೇರೆ ಯಾರಿಗೂ ತೋರಿಸಿರಲಿಲ್ಲ. ನೀನು ಕೋಲಿನಿಂದ ಅದನ್ನು ಹರಿದು ತಂದು, ಓಣಿಯ ಹುಡುಗರೆದುರು ನನ್ನ ತಲೆಯ ಮೇಲೆ ಟೊಪ್ಪಿಗೆಯ ಹಾಗೆ ಇಟ್ಟೆ. "ಗೀಜುಗವ್ವ ಬಂದ್ಲು ನೋಡ್ರಲೇ" ಅಂದೆ. ಕಿವಿಯ ಹಿಂದೆ ಏನೋ ಒಡೆದು ಇಳಿಯಿತು. ನಿನಗೆ ನೆನಪಿರಲಾರದು. ಅವತ್ತಿನಿಂದ ನನಗೆ ಇಷ್ಟವಾದದ್ದನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಆ ಅಂಜಿಕೆಯನ್ನೇ ಬ್ರಾಹ್ಮಿಗೆ ಹಕ್ಕಿಯ ಪಾಠ ಎಂದು ಕಲಿಸಿದೆ.

ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದು ಸುಳ್ಳು ಬರೆಯಲಾರೆ. ಆದರೆ ಅವಳಿಗೆ ತಪ್ಪಾಯಿತು ಎಂದು ಹೇಳಬೇಕು. ಎದುರಿಗೆ ಬಂದು ಹೇಳುತ್ತೇನೆ. ಮಾತು ಹೊರಡದಿದ್ದರೂ ನಿಂತುಕೊಂಡಿರುತ್ತೇನೆ. ಬರಲೇ?

ಕುಸುಮ

*

ದಿಗ್ಗೇವಾಡಿ
8 ಏಪ್ರಿಲ್ 2012

ಕುಸುಮಾ,

ಗೀಜುಗದ ಗೂಡು ನನಗೆ ನೆನಪಿರಲಿಲ್ಲ. ನಿನ್ನ ಪತ್ರ ಓದಿ ಅವ್ವನನ್ನು ಕೇಳಿದೆ. "ಆ ದಿನ ತಲಿ ತೊಳದಾಕಿ ನಾನ" ಎಂದಳು.

ಎರಡು ತಿಂಗಳು ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಇದೆ.

ಮಾರ್ಚ್ ಹದಿನೈದಕ್ಕೆ ಕಬ್ಬು ಹೋಯಿತು. ಹತ್ತು ದಿನ ಬಿಟ್ಟು ಸುತ್ತಲಿನವರೆಲ್ಲ ರವದಿಗೆ ಬೆಂಕಿ ಕೊಟ್ಟರು. ರವಿವಾರ ಬೆಳಿಗ್ಗೆ ನಾನೂ ಹೊರಟೆ. ಮಾಡದಲ್ಲಿ ಕಡ್ಡಿಪೆಟ್ಟಿಗೆ ಇರಲಿಲ್ಲ. ನೋಡಿದರೆ ಬ್ರಾಹ್ಮಿ ಶಾಲೆಯ ಬೂಟು ಹಾಕಿಕೊಂಡು, ಕಡ್ಡಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು, ಬಾಗಿಲಲ್ಲಿ ನಿಂತಿದ್ದಳು. ಕೊಡು ಎಂದೆ.

"ತಡೀರಿ ಪಪ್ಪಾ. ನಾ ಮೊದ್ಲ ನೋಡಿ ಬರ್ತೀನಿ."

"ಮೂರ ಎಕರೆ ಐತ್ಯವ್ವಾ."

"ಇರ್ಲಿ. ಆಮ್ಯಾಲೆ ನೀವು ಹಚ್ಚರಿ."

ಕೋಲು ಹಿಡಿದು ಒಂದೊಂದೇ ಸಾಲು ನಡೆದಳು. ಎಡಗಾಲು ಇನ್ನೂ ಒಂದಿಷ್ಟು ಎಳೆಯುತ್ತಾಳೆ. ಪಕ್ಕದ ಹೊಲದಿಂದ ಭೀಮಗೊಂಡ ಕೂಗಿದ: "ಏನೋ ಶ್ರೇಣಿಕಾ, ಮಗಳ ಪರ್ಮಿಶನ್ ಸಿಗಲಿಲ್ಲೇನ? ಅರ್ಜಿ ಹಾಕಪಾ, ಅರ್ಜಿ!" ನನಗೆ ನಾಚಿಕೆ ಆಯಿತು. ಸಿಟ್ಟೂ ಬಂತು. ಕಿತ್ತುಕೊಂಡು ಹಚ್ಚಬಹುದಿತ್ತು. ಅವಳು ಒಳಗೆ ಇದ್ದಳು.

ಒಂದು ದಿನಕ್ಕೆ ಮುಗಿಯಲಿಲ್ಲ. ಶಾಲೆ ಬಿಟ್ಟ ಮೇಲೆ ಸೋಮವಾರ ಬಂದಳು, ಮಂಗಳವಾರ ಬಂದಳು. ನಾನು ಒಡ್ಡಿನ ಮೇಲೆ ಕುಳಿತಿರುತ್ತಿದ್ದೆ. ಮಂಗಳವಾರ ಅವಳು ನೀರು ಕುಡಿಯಲು ಬಂದು ಪಕ್ಕದಲ್ಲಿ ಕುಳಿತಾಗ ಹೇಳಿದೆ. ನೀನು ಬರೆದುಕೊಟ್ಟ ಹಾಗೆ ಹೇಳಲು ಬರಲಿಲ್ಲ. "ಹೋದ ವರ್ಷ ಶನಿವಾರ ಹಚ್ಚಲಿಲ್ಲ ನಾನು. ಚತುರ್ದಶಿ ಇತ್ತು. ಜೀವ ಸಾಯ್ತಾವ ಅನ್ನೂದು ನನಗ ಗೊತ್ತಿತ್ತವ್ವಾ" ಎಂದೆ.

"ನನಗೂ ಗೊತ್ತೈತಿ. ನಾ ಅಲ್ಲೇ ಕುಂತಿದ್ನೆಲ್ಲ, ಆಯಿ ಹೇಳೂವಾಗ" ಎಂದಳು.

ಒಂದು ವರ್ಷ ಅದನ್ನು ಇಟ್ಟುಕೊಂಡು ನನ್ನ ಜೊತೆ ಉಂಡಿದ್ದಾಳೆ. ನಾನು ಆಕಡೆ ಮುಖ ಮಾಡಿ ಕುಳಿತೆ.

ರವದಿ ಸುಟ್ಟಿಲ್ಲ. ದುರಗಪ್ಪ ಮತ್ತು ನಾನು ಸಾಲು ಬಿಟ್ಟು ಸಾಲಿಗೆ ಎಳೆದು ಒಟ್ಟುತ್ತಿದ್ದೇವೆ, ಕೈಯೆಲ್ಲ ಗರಿ ಕೊಯ್ದಿದೆ. ಮುಂದಿನ ವರ್ಷದ ಮಾತು ನಾನು ನಿನಗೆ ಕೊಡುವುದಿಲ್ಲ. ಮನೆಯಲ್ಲಿ ನೀರನ್ನು ಅವಳು ಈಗಲೂ ಸೋಸುವುದಿಲ್ಲ. ಒಡ್ಡಿನ ಮೇಲೆ ಒಂದು ಒಡೆದ ಗಡಿಗೆಯ ತಳದಲ್ಲಿ ಹಕ್ಕಿಗೆ ನೀರು ಇಡುತ್ತಾಳೆ, ಅದನ್ನು ಮಾತ್ರ ಸೋಸಿ ಇಡುತ್ತಾಳೆ. ಅವ್ವನಿಗೆ ಅಷ್ಟೇ ಸಾಕಾಗಿದೆ.

ನೀನು ಬರಬಹುದು. ಹದಿನೈದನೇ ತಾರೀಕಿನ ರವಿವಾರ ಬಾ. ನನ್ನ ಸಿಟ್ಟೂ ಹೋಗಿಲ್ಲ, ಅದನ್ನು ತಿಳಿದುಕೊಂಡು ಬಾ.

ಇನ್ನೊಂದು. ನಿನ್ನೆ ಬ್ರಾಹ್ಮಿ ಓಡಿ ಬಂದು ನನ್ನ ಕೈ ಹಿಡಿದು ಹೊಲಕ್ಕೆ ಎಳೆದುಕೊಂಡು ಹೋದಳು. ಬಾಯಿ ಮೇಲೆ ಬೆರಳಿಟ್ಟು ಬಗ್ಗಿ ತೋರಿಸಿದಳು. ಏಳು ಮೊಟ್ಟೆ. ಇಷ್ಟು ವರ್ಷ ಆ ಹೊಲದಲ್ಲಿ ದುಡಿದಿದ್ದೇನೆ, ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಹೊರಡುವಾಗ ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡಳು.

"ಆತ್ಯಾಗೂ ಬ್ಯಾಡೇನು?" ಎಂದು ಕೇಳಿದೆ.

"ಆತ್ಯಾಗಂತೂ ಹೇಳಲೇಬ್ಯಾಡ್ರಿ" ಎಂದಳು.

ಅದಕ್ಕೇ, ಎಲ್ಲಿದೆ ಎಂದು ಬರೆಯುವುದಿಲ್ಲ.

ಶ್ರೇಣಿಕ